ವ್ಯಾಪಾರಿಗಳಿಗಾಗಿ ಬರೆದ ಲೂಕಾ ಪ್ಯಾಸಿಯೋಲಿ

ಅಕೌಂಟೆನ್ಸಿ ಪಾಠದಲ್ಲಿ ಲೂಕಾ ಪ್ಯಾಸಿಯೋಲಿ ಅವರ ಹೆಸರು ಬರುತ್ತದೆ. ಒಂದು ಅಂಕದ ಉತ್ತರ ಬರೆದು ನಾವು ಅವರನ್ನು ಮರೆತುಬಿಡುತ್ತೇವೆ.

ಅವರು ಸುಮಾರು 1447ರಲ್ಲಿ ಇಟಲಿಯಲ್ಲಿ ಹುಟ್ಟಿದರು. ಯುವಕರಾಗಿದ್ದಾಗ ವೆನಿಸ್ ನಗರದ ಒಬ್ಬ ವ್ಯಾಪಾರಿಯ ಮೂವರು ಗಂಡುಮಕ್ಕಳಿಗೆ ಪಾಠ ಹೇಳಿಕೊಟ್ಟರು. ಮುಂದೆ ಕ್ರೈಸ್ತ ಸನ್ಯಾಸಿಯಾಗಿ ಹಲವು ನಗರಗಳಲ್ಲಿ ಗಣಿತ ಕಲಿಸಿದರು.

1494ರಲ್ಲಿ ಅವರ ದೊಡ್ಡ ಗಣಿತ ಗ್ರಂಥ ವೆನಿಸ್‌ನಲ್ಲಿ ಅಚ್ಚಾಯಿತು. ಅದರ ಒಂದು ಭಾಗದಲ್ಲಿ ಡಬಲ್ ಎಂಟ್ರಿ ಪದ್ಧತಿ ಇದೆ. ಈ ಪದ್ಧತಿಯನ್ನು ಕಂಡುಹಿಡಿದವರು ಅವರಲ್ಲ, ವ್ಯಾಪಾರಿಗಳು ಅದನ್ನು ಮೊದಲೇ ಬಳಸುತ್ತಿದ್ದರು. ಬೇರೆಯವರೂ ಕಲಿಯುವ ಹಾಗೆ ಅದನ್ನು ಬರೆದುಕೊಟ್ಟದ್ದು ಅವರ ದೊಡ್ಡ ಕೆಲಸ.

ಆಗ ವಿದ್ವಾಂಸರ ಭಾಷೆ ಲ್ಯಾಟಿನ್. ಅವರಿಗೂ ಅದು ಬರುತ್ತಿತ್ತು. ಆದರೆ ಅಂಗಡಿಯಲ್ಲಿ ಕುಳಿತವರಿಗೆ ಅದರಿಂದ ಏನು ಉಪಯೋಗ? ಅದಕ್ಕೇ ಅವರು ಜನರಾಡುವ ಇಟಾಲಿಯನ್‌ನಲ್ಲಿ ಬರೆದರು. ಮೊದಲು ಆಸ್ತಿಯ ಪಟ್ಟಿ, ನಂತರ ದಿನದ ವ್ಯವಹಾರದ ಪುಸ್ತಕ, ಜರ್ನಲ್, ಕೊನೆಗೆ ಲೆಡ್ಜರ್ ಎಂದು ಕೆಲಸ ಮಾಡುವ ಕ್ರಮದಲ್ಲೇ ವಿವರಿಸಿದರು.

1517ರಲ್ಲಿ ಅವರು ತೀರಿಕೊಂಡರು. ಜರ್ನಲ್‌ನಿಂದ ಲೆಡ್ಜರ್‌ಗೆ ಹೋಗುವ ಕ್ರಮವನ್ನು ನಾವು ಇಂದೂ ಕಲಿಯುತ್ತಿದ್ದೇವೆ. ಮನೆಯಲ್ಲಿ ಉರ್ದು ಮಾತಾಡುವ ನನಗೆ ಕೆಲವು ಪಾಠಗಳು ಎರಡು ಸಲ ಓದಿದರೂ ಅರ್ಥವಾಗುವುದಿಲ್ಲ. ಆಗ ಇವರ ನೆನಪಾಗುತ್ತದೆ. ಓದುವವರು ಯಾರು, ಅವರಿಗೆ ಏನು ಬೇಕು ಎಂದು ಮೊದಲು ಯೋಚಿಸಿದರೆ ಲೆಕ್ಕವನ್ನೂ ಎಲ್ಲರಿಗೂ ತಿಳಿಯುವಂತೆ ಬರೆಯಬಹುದು.