ವಿನೋಬಾ ಭಾವೆ: ರೈತ ಭೂಮಿ ಬಿಟ್ಟುಕೊಡುವುದು ಯಾವಾಗ ಎಂದು ನಡೆದೇ ಕಲಿತ ಸಂತ

ಹೈದರಾಬಾದ್‌ನಿಂದ ಸ್ವಲ್ಪ ದೂರದಲ್ಲಿರುವ ಪೋಚಂಪಲ್ಲಿ ಇಂದು ಇಕ್ಕತ್ ಸೀರೆಗಳಿಗೆ ಹೆಸರುವಾಸಿ. 1951ರ ಏಪ್ರಿಲ್ 18ರಂದು ಆ ಊರಿನಲ್ಲೇ ಭೂದಾನ ಚಳವಳಿ ಹುಟ್ಟಿತು.

ವಿನಾಯಕ ನರಹರಿ ಭಾವೆ ಹುಟ್ಟಿದ್ದು 1895ರ ಸೆಪ್ಟೆಂಬರ್ 11ರಂದು, ಮಹಾರಾಷ್ಟ್ರದ ಗಾಗೋದೆಯಲ್ಲಿ. 1916ರಲ್ಲಿ ಪರೀಕ್ಷೆಗೆಂದು ಮುಂಬೈಗೆ ಹೊರಟವರು ದಾರಿ ಬದಲಿಸಿ ಕಾಶಿಗೆ ಹೋದರು. ಅದೇ ವರ್ಷ ಗಾಂಧೀಜಿಯ ಆಶ್ರಮ ಸೇರಿದರು. 1940ರಲ್ಲಿ ಗಾಂಧೀಜಿ ಅವರನ್ನೇ ಮೊದಲ ವೈಯಕ್ತಿಕ ಸತ್ಯಾಗ್ರಹಿಯಾಗಿ ಆರಿಸಿದರು.

ತೆಲಂಗಾಣದಲ್ಲಿ ಸಶಸ್ತ್ರ ರೈತ ಹೋರಾಟದ ಬಿಸಿ ಇನ್ನೂ ಆರಿರಲಿಲ್ಲ. ಪೋಚಂಪಲ್ಲಿಯ 40 ದಲಿತ ಕುಟುಂಬಗಳು ವಿನೋಬಾ ಬಳಿ 80 ಎಕರೆ ಕೇಳಿದವು. ವಿನೋಬಾ ಆ ಬೇಡಿಕೆಯನ್ನು ಊರವರ ಮುಂದಿಟ್ಟರು. ವೆದಿರೆ ರಾಮಚಂದ್ರ ರೆಡ್ಡಿ ಅಲ್ಲೇ 100 ಎಕರೆ ಕೊಡಲು ಮುಂದೆ ಬಂದರು.

ಅಲ್ಲಿಂದ 13 ವರ್ಷ ಪಾದಯಾತ್ರೆ. ತಮ್ಮನ್ನು ಮನೆಯ ಆರನೇ ಮಗನೆಂದು ತಿಳಿದು ಆರನೇ ಒಂದು ಪಾಲು ಕೊಡಿ ಎಂಬುದು ಅವರ ಬೇಡಿಕೆ. ಗುರಿ 5 ಕೋಟಿ ಎಕರೆ. ಬಂದದ್ದು 40 ಲಕ್ಷ ಎಕರೆಗಿಂತ ತುಸು ಹೆಚ್ಚು. ಅದರಲ್ಲೂ ಕಲ್ಲುಭೂಮಿ, ವ್ಯಾಜ್ಯದ ಭೂಮಿ ಸಾಕಷ್ಟಿತ್ತು. ದೊಡ್ಡ ಭಾಗ ಹಂಚಿಕೆಯಾಗಲೇ ಇಲ್ಲ. ಕೊಟ್ಟರೆ ನಷ್ಟವಾಗದ ಜಮೀನನ್ನು ಕೊಟ್ಟವರು ಬಹಳ. ಅನ್ನ ಕೊಡುವ ಹೊಲವನ್ನು ಕೊಟ್ಟವರು ಕಡಿಮೆ.

ಮುಂದಿನ ಹೆಜ್ಜೆ ಗ್ರಾಮದಾನ, ಅಂದರೆ ಇಡೀ ಊರಿನ ಭೂಮಿ ಊರಿಗೇ ಸೇರುವುದು. ಒಡಿಶಾದ ಕೋರಾಪುಟ್‌ನ ಆದಿವಾಸಿ ಹಳ್ಳಿಗಳು ದೊಡ್ಡ ಸಂಖ್ಯೆಯಲ್ಲಿ ಒಪ್ಪಿದವು. ಅಲ್ಲಿ ಹಿಡುವಳಿಗಳ ನಡುವಿನ ಅಂತರ ಕಡಿಮೆ, ಸಾಹುಕಾರನ ಭಯ ಹೆಚ್ಚು. ಭೂಮಿ ಊರಿನದಾದರೆ ಹೊರಗಿನವನ ಪಾಲಾಗದು. ಆದರೆ ದೊಡ್ಡ ಹಿಡುವಳಿದಾರರಿದ್ದ ಬಯಲುಸೀಮೆಯ ಹಳ್ಳಿಗಳು ಹಿಂದೇಟು ಹಾಕಿದವು. 1957ರ ಸೆಪ್ಟೆಂಬರ್‌ನಲ್ಲಿ ಮೈಸೂರು ಸಮೀಪದ ಯಲವಾಲದಲ್ಲಿ ನಡೆದ ಸಮ್ಮೇಳನದಲ್ಲಿ ಪ್ರಧಾನಿ ನೆಹರೂ ಸೇರಿದಂತೆ ಹಲವು ಪಕ್ಷಗಳ ನಾಯಕರು ಗ್ರಾಮದಾನವನ್ನು ಬೆಂಬಲಿಸಿದರು. ಆದರೆ ಹಿಡುವಳಿದಾರರ ಅಂಜಿಕೆ ಅದರಿಂದ ಹೋಗಲಿಲ್ಲ.

ಆಗ ವಿನೋಬಾ ನಿಯಮವನ್ನೇ ಸಡಿಲಿಸಿದರು. 1965ರ ಹೊತ್ತಿಗೆ ಬಂದ ಸುಲಭ ಗ್ರಾಮದಾನದಲ್ಲಿ ಒಡೆತನದ ಹೆಸರು ಮಾತ್ರ ಗ್ರಾಮಸಭೆಗೆ. 20ರಲ್ಲಿ ಒಂದು ಪಾಲು ಭೂಹೀನರಿಗೆ, ಉಳಿದ 19 ಪಾಲಿನ ಉಳುಮೆ ರೈತನಿಗೆ, ಅವನ ನಂತರ ಮಕ್ಕಳಿಗೆ. ಹೊರಗಿನವರಿಗೆ ಮಾತ್ರ ಮಾರುವಂತಿಲ್ಲ. ಈ ಷರತ್ತಿಗೆ ಬಿಹಾರದಲ್ಲಿ ಸಾವಿರಾರು ಹಳ್ಳಿಗಳು ಒಪ್ಪಿಗೆ ಸೂಚಿಸಿದವು. ಆದರೆ ಹೆಚ್ಚಿನ ಕಡೆ ಅದು ಸಹಿಯಲ್ಲೇ ನಿಂತಿತು.

1958ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ವಿನೋಬಾ, 1982ರ ನವೆಂಬರ್ 15ರಂದು ವಾರ್ಧಾ ಬಳಿಯ ಪವನಾರ್‌ನಲ್ಲಿ ನಿಧನರಾದರು. ಮರುವರ್ಷ ಭಾರತರತ್ನ ಬಂತು.

ಊರಿನ ಹೊಲವನ್ನು ಗೇಣಿಗೆ ಕೊಟ್ಟು ಪುಣೆ, ಮುಂಬೈ ಸೇರಿದವರಿಗೂ ಈ ಕಥೆ ಪರಿಚಿತವೇ. ವರ್ಷದ ಫಸಲು ಬೇರೆಯವರಿಗೆ ಹೋದರೂ ಪಹಣಿಯಲ್ಲಿ ಹೆಸರು ಉಳಿಯಬೇಕು, ಮಕ್ಕಳಿಗೆ ಹಕ್ಕು ತಪ್ಪಬಾರದು. ಆ ಭರವಸೆ ಇದ್ದರೆ ಮಾತ್ರ ರೈತ ಹೊಲವನ್ನು ಇನ್ನೊಬ್ಬರ ಕೈಗೆ ಕೊಡುತ್ತಾನೆ. ವಿನೋಬಾ ಇದನ್ನು ತಿಳಿದದ್ದು ಹಳ್ಳಿ ಹಳ್ಳಿ ನಡೆದ ಮೇಲೆ.