ಗುಲ್ಬರ್ಗದ ವಕೀಲರು ಕೇಶವರಾವ್ ಕೋರಟ್‌ಕರ್

ಹೈದರಾಬಾದಿನ ನಾರಾಯಣಗುಡದಲ್ಲಿ ಸಾಗುವಾಗ ಕೇಶವ ಸ್ಮಾರಕ ವಿದ್ಯಾಸಂಸ್ಥೆಯ ಫಲಕವನ್ನು ನಾವೆಲ್ಲರೂ ಕಂಡಿದ್ದೇವೆ. ನಮ್ಮಲ್ಲಿ ಹಲವರ ಮಕ್ಕಳು ಅಲ್ಲಿಯೇ ಓದಿದ್ದಾರೆ. ಆದರೆ ಆ ಕೇಶವರಾಯರು ಗುಲ್ಬರ್ಗದ ನ್ಯಾಯಾಲಯದಲ್ಲಿ ವಕೀಲರಾಗಿ ಬದುಕು ಆರಂಭಿಸಿದವರು ಎಂಬುದು ಬಹುಮಂದಿಗೆ ತಿಳಿದಿರಲಾರದು.

ಕೇಶವರಾವ್ ಕೋರಟ್‌ಕರ್ 1867ರಲ್ಲಿ ಪರಭಣಿ ಪ್ರಾಂತದ ಪುರ್ಜಳ ಗ್ರಾಮದ ಮರಾಠಿ ಮಾತಿನ ಕುಟುಂಬದಲ್ಲಿ ಜನಿಸಿದರು. ಕಾನೂನು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಗುಲ್ಬರ್ಗದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ವಕೀಲಿಗೆ ನಿಂತರು. ನಿಜಾಮರ ನ್ಯಾಯಾಲಯಗಳಲ್ಲಿ 1884ರಿಂದ ಪಾರಸಿಯ ಬದಲು ಉರ್ದು ಭಾಷೆ ಜಾರಿಗೆ ಬಂದಿತ್ತು. ವಕೀಲರ ಮನೆಮಾತು ಮರಾಠಿ, ಕಕ್ಷಿಗಾರ ರೈತನ ಮಾತು ಕನ್ನಡ, ತೀರ್ಪಿನ ಮಾತು ಉರ್ದು. ತನ್ನದೇ ಹೊಲದ ಬಗ್ಗೆ ಬಂದ ಆಜ್ಞೆಯನ್ನು ರೈತನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾಗಿತ್ತು. ಅಕ್ಷರವಿಲ್ಲದವನಿಗೆ ಕಾನೂನು ದೂರದ ವಸ್ತುವೇ ಸರಿ.

1896ರ ಹೊತ್ತಿಗೆ ಅವರು ರಾಜಧಾನಿಗೆ ಬಂದು ಹೈಕೋರ್ಟಿನಲ್ಲಿ ವೃತ್ತಿ ಮುಂದುವರಿಸಿದರು. ವಾಡಿಯಿಂದ ಹೈದರಾಬಾದಿಗೆ 1874ರಲ್ಲಿಯೇ ರೈಲು ಹಾದಿ ತೆರೆದಿತ್ತು. ಗುಲ್ಬರ್ಗದ ವಿದ್ಯಾವಂತರಿಗೆ ಅದು ಉದ್ಯೋಗದ ಹಾದಿಯೂ ಆಯಿತು. ನಮ್ಮಲ್ಲಿ ಅನೇಕರ ಹಿರಿಯರು ಬಂದದ್ದೂ ಆ ದಾರಿಯಿಂದಲೇ. ಕೇಶವರಾಯರು ವಕೀಲಿಯಲ್ಲಿ ಹೆಸರು ಗಳಿಸಿ ಮುಂದೆ ಹೈಕೋರ್ಟಿನ ನ್ಯಾಯಾಧೀಶರೂ ಆದರು. ಸುಲ್ತಾನ್ ಬಜಾರಿನ ಆರ್ಯಸಮಾಜದ ಅಧ್ಯಕ್ಷತೆಯನ್ನು ದೀರ್ಘಕಾಲ ವಹಿಸಿದರು.

ಆದರೆ ಅವರ ಮನಸ್ಸು ನೆಟ್ಟಿದ್ದು ಶಾಲೆಗಳಲ್ಲಿ. ವಾಮನ ನಾಯಕರೇ ಮೊದಲಾದ ಮಿತ್ರರೊಡನೆ ಅವರು ವಿವೇಕವರ್ಧಿನಿ ವಿದ್ಯಾಸಂಸ್ಥೆಯನ್ನು ಕಟ್ಟಿದರು. ಅದು ಆರಂಭವಾದ 1907ರಲ್ಲಿಯೇ ಗುಲ್ಬರ್ಗದಲ್ಲಿ ನೂತನ ವಿದ್ಯಾಲಯವೂ ಹುಟ್ಟಿತು. ಸರ್ಕಾರವು ಖಾಸಗಿ ಶಾಲೆಗಳನ್ನು ಅನುಮಾನದಿಂದ ನೋಡುತ್ತಿದ್ದ ಆ ಕಾಲದಲ್ಲಿ ಇದು ಸುಲಭದ ಕೆಲಸವಾಗಿರಲಿಲ್ಲ.

ಈ ಕಥೆಗೆ ಒಂದು ಕಹಿ ಪುಟವೂ ಇದೆ. 1921ರ ನವೆಂಬರಿನಲ್ಲಿ ವಿವೇಕವರ್ಧಿನಿಯ ಸಭಾಂಗಣದಲ್ಲಿ ಮಹರ್ಷಿ ಕರ್ವೆಯವರ ಅಧ್ಯಕ್ಷತೆಯಲ್ಲಿ ಸಮಾಜಸುಧಾರಣಾ ಸಮ್ಮೇಳನ ನಡೆಯಿತು. ಅಲ್ಲಿ ವಕೀಲರೊಬ್ಬರು ತೆಲುಗಿನಲ್ಲಿ ಮಾತನಾಡಲು ಎದ್ದಾಗ ಸಭಿಕರು ಗೇಲಿ ಮಾಡಿದರು. ಆ ನೋವಿನಿಂದಲೇ ಆಂಧ್ರ ಜನಸಂಘ ಹುಟ್ಟಿತು. ಮುಂದೆ 1937ರಲ್ಲಿ ಕನ್ನಡಿಗರು ಹೈದರಾಬಾದ್ ಕರ್ನಾಟಕ ಪರಿಷತ್ತನ್ನು ಕಟ್ಟಿಕೊಂಡರು. ಸುಧಾರಕರ ಅಂಗಳದಲ್ಲಿಯೂ ಎಲ್ಲ ಭಾಷೆಗಳಿಗೆ ಸಮಾನ ಮಣೆ ಇರಲಿಲ್ಲ ಎಂಬುದನ್ನು ನಾವು ಮರೆಯಬಾರದು.

ಕೇಶವರಾಯರು 1932ರಲ್ಲಿ ತೀರಿಕೊಂಡರು. ಅವರ ಮಗ ವಿನಾಯಕರಾಯರು ಕಾಂಗಡಿ ಗುರುಕುಲದಲ್ಲಿ ಓದಿ ವಿದ್ಯಾಲಂಕಾರರಾದರು, ಬಳಿಕ ಇಂಗ್ಲೆಂಡಿಗೆ ಹೋಗಿ ಬ್ಯಾರಿಸ್ಟರ್ ಆಗಿ ಬಂದರು. ರಜಾಕಾರರ ಹಾವಳಿಯ ದಿನಗಳಲ್ಲಿ ವಕೀಲರು ನ್ಯಾಯಾಲಯಗಳನ್ನು ಬಹಿಷ್ಕರಿಸಿದಾಗ ಅವರು ಮುಂಚೂಣಿಯಲ್ಲಿದ್ದರು. ತಂದೆ ನ್ಯಾಯಾಧೀಶರಾಗಿದ್ದ ವ್ಯವಸ್ಥೆಯ ಬಾಗಿಲಿಂದ ಮಗ ಹೊರನಡೆದದ್ದು ಸಾಮಾನ್ಯ ಸಂಗತಿಯಲ್ಲ. 1948ರ ಸೆಪ್ಟೆಂಬರಿನ ವಿಮೋಚನೆಯ ಬಳಿಕ ಅವರು ಹೈದರಾಬಾದ್ ರಾಜ್ಯದ ಮಂತ್ರಿಯಾದರು. 1957ರಲ್ಲಿ ಹೈದರಾಬಾದಿನಿಂದ ಲೋಕಸಭೆಗೆ ಆಯ್ಕೆಯಾಗಿ 1962ರಲ್ಲಿ ನಿಧನರಾದರು.

ತಂದೆಯ ನೆನಪಿಗೆ 1940ರಲ್ಲಿ ಆರಂಭವಾದ ಶಾಲೆಯೇ ನಾರಾಯಣಗುಡದ ಕೇಶವ ಸ್ಮಾರಕ. ಅವರು ಹೂಡಿದ ವಾದಗಳು ಹಳೆಯ ಕಡತಗಳೊಡನೆ ಮರೆಗೆ ಸಂದಿವೆ. ಶಾಲೆಯ ಗಂಟೆ ಮಾತ್ರ ಇಂದಿಗೂ ಬಾರಿಸುತ್ತಿದೆ. ಪರಊರಿನಲ್ಲಿ ನೆಲೆ ಕಂಡ ನಾವು ನಮ್ಮ ಮಕ್ಕಳಿಗೆ ಮನೆ ನಿವೇಶನಗಳ ಜೊತೆಗೆ ಏನನ್ನು ಬಿಟ್ಟುಹೋಗಬೇಕು ಎಂದು ಯೋಚಿಸುವಾಗ ಆ ಫಲಕವನ್ನು ಇನ್ನೊಮ್ಮೆ ನೋಡೋಣ.