ಇಬ್ನ್ ಖಲ್ದೂನರಿಗೆ ಆಗ 17 ವರ್ಷ

ಇಬ್ನ್ ಖಲ್ದೂನ್ ಎಂದರೆ ನಮಗೆಲ್ಲ ನೆನಪಾಗುವುದು ಮುಂಡಾಸು ಸುತ್ತಿದ ಹಿರಿಯ ವಿದ್ವಾಂಸರ ಚಿತ್ರ. ಕ್ವಿಜ್‌ನಲ್ಲಿ ಹೆಸರು ಬಂದರೆ ‘ಮುಖದ್ದಿಮಾ’ ಎಂದು ಉತ್ತರಿಸಿ ಮುಂದಕ್ಕೆ ಹೋಗುತ್ತೇವೆ. ಅವರ ಜೀವನಚರಿತ್ರೆ ಓದುವಾಗ ನಾನು ನಿಂತುಬಿಟ್ಟದ್ದು ಒಂದು ಸಣ್ಣ ಸಾಲಿನಲ್ಲಿ. ಪ್ಲೇಗಿನಲ್ಲಿ ತಂದೆ ತಾಯಿ ತೀರಿಕೊಂಡರು ಎಂದಿತ್ತು. ಮುಂದಿನ ಪ್ಯಾರಾದಲ್ಲಿ ಅವರಿಗೆ ಕೆಲಸವೂ ಸಿಕ್ಕಿಬಿಟ್ಟಿತ್ತು! ನಡುವಿನ ದಿನಗಳು ಎಲ್ಲಿ ಹೋದವು?

ಹೀಗೆ ಕೇಳಲು ಕಾರಣವಿದೆ. 2021ರಲ್ಲಿ ಕೊರೊನಾದಿಂದ ಅಬ್ಬಾ ತೀರಿಕೊಂಡಾಗ ನಾನು ಎಂಟನೇ ತರಗತಿ ಮುಗಿಸಿದ್ದೆ. ಆಮೇಲೆ ಎಷ್ಟೋ ದಿನ ಆನ್‌ಲೈನ್ ಕ್ಲಾಸಿನಲ್ಲಿ ಹಾಜರಿ ಹೇಳುವುದೊಂದೇ ನನ್ನ ಬಾಯಿಂದ ಬರುತ್ತಿದ್ದ ಮಾತು. ಅಮ್ಮಿ ಊಟಕ್ಕೆ ಕರೆದರೂ ಸಿಟ್ಟು ಬರುತ್ತಿತ್ತು.

ಇಬ್ನ್ ಖಲ್ದೂನ್ ಹುಟ್ಟಿದ್ದು 1332ರಲ್ಲಿ, ಟ್ಯುನಿಸ್ ನಗರದಲ್ಲಿ. ತಂದೆಯೇ ಮೊದಲ ಗುರು. 1347ರಲ್ಲಿ ಫೆಜ್‌ನ ಸುಲ್ತಾನ ಅಬುಲ್ ಹಸನ್ ಟ್ಯುನಿಸನ್ನು ಗೆದ್ದಾಗ ಅವನ ಜೊತೆ ದೊಡ್ಡ ದೊಡ್ಡ ವಿದ್ವಾಂಸರು ಬಂದರು. ಓದಿನ ಹುಚ್ಚಿದ್ದ ಹುಡುಗನಿಗೆ ಅದು ಹಬ್ಬ. ಆದರೆ 1348-49ರಲ್ಲಿ ಪ್ಲೇಗ್ ಬಂತು. ತಂದೆ ಹೋದರು, ತಾಯಿ ಹೋದರು. ಪಾಠ ಹೇಳುತ್ತಿದ್ದ ಅಬ್ದುಲ್ ಮುಹೈಮಿನ್ ಮುಂತಾದ ಗುರುಗಳೂ ಹೋದರು. ಉಳಿದ ವಿದ್ವಾಂಸರಲ್ಲಿ ಹಲವರು ಸುಲ್ತಾನನೊಂದಿಗೆ ಹಿಂತಿರುಗುವಾಗ ಹಡಗು ಒಡೆದು ಸಮುದ್ರದ ಪಾಲಾದರು.

ಟ್ಯುನಿಸಿನಲ್ಲಿ ಉಳಿದ ಗುರು ಅಬಿಲಿ. ಗಣಿತ, ತರ್ಕ, ತತ್ತ್ವಶಾಸ್ತ್ರಗಳಲ್ಲಿ ದೊಡ್ಡ ಹೆಸರು. ನಾನು ಹುಡುಕುತ್ತಿದ್ದ ದಿನಗಳು ಸಿಕ್ಕಿದ್ದು ಇಲ್ಲಿಯೇ. ಸುಮಾರು ಮೂರು ವರ್ಷ ಆ ಹುಡುಗ ಅಬಿಲಿಯವರ ಬಳಿ ಕುಳಿತು ಓದಿದ. ಕೊನೆಗೆ ಫೆಜ್‌ನಿಂದ ಅಬಿಲಿಯವರಿಗೂ ಕರೆ ಬಂತು. ತಾನೂ ಹಿಂದೆಯೇ ಹೋಗುತ್ತೇನೆಂದು ಹೊರಟವನನ್ನು ಅಣ್ಣ ಮುಹಮ್ಮದ್ ತಡೆದರು. (ಅಣ್ಣನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮನೆಯಲ್ಲಿ ಉಳಿದವರೇ ಎಷ್ಟು ಜನ?)

20ನೇ ವಯಸ್ಸಿಗೆ ಆಸ್ಥಾನದಲ್ಲಿ ಕೆಲಸ ಸಿಕ್ಕಿತು. ರಾಜಾಜ್ಞೆಗಳ ಮೇಲೆ ದೇವರ ಸ್ತುತಿಯ ವಾಕ್ಯವನ್ನು ದಪ್ಪ ಅಕ್ಷರದಲ್ಲಿ ಬರೆಯುವ ಕೆಲಸ. ಗೌರವದ ಹುದ್ದೆಯೇ. ಆದರೂ ಗುರುಗಳಿಲ್ಲದ ಒಂಟಿತನ, ಓದು ನಿಂತುಹೋದ ಸಂಕಟ ಹೋಗಲಿಲ್ಲ ಎಂದು ಅವರೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. 1352ರಲ್ಲಿ ಸೇನೆಯೊಂದಿಗೆ ಊರು ಬಿಟ್ಟವರು ದಾರಿಯಲ್ಲೇ ತಪ್ಪಿಸಿಕೊಂಡರು. ಎರಡು ವರ್ಷದ ಮೇಲೆ ಫೆಜ್ ತಲುಪಿ ಮತ್ತೆ ವಿದ್ವಾಂಸರ ನಡುವೆ ಕುಳಿತರು.

ಮುಂದಿನದು ಗೊತ್ತಿರುವ ಕಥೆ: ಮಂತ್ರಿಗಿರಿ, ಸೆರೆಮನೆ, ಕೈರೋದಲ್ಲಿ ನ್ಯಾಯಾಧೀಶ ಪದವಿ, ತೈಮೂರನ ಭೇಟಿ, 1406ರಲ್ಲಿ ಮರಣ. 1377ರಲ್ಲಿ ಈಗಿನ ಅಲ್ಜೀರಿಯಾದ ಒಂದು ಕೋಟೆಯಲ್ಲಿ ಕುಳಿತು ಮುಖದ್ದಿಮಾ ಬರೆದರು. ಪ್ಲೇಗ್ ಊರುಗಳನ್ನು ಬರಿದು ಮಾಡಿತು, ದಾರಿಗಳನ್ನು ಅಳಿಸಿತು, ರಾಜ್ಯಗಳನ್ನು ಸೊರಗಿಸಿತು, ಲೋಕವೇ ಬದಲಾದ್ದರಿಂದ ಅದನ್ನು ಹೊಸದಾಗಿ ಬರೆಯಬೇಕಾಗಿದೆ ಎಂಬುದು ಅದರಲ್ಲಿ ಅವರು ಕೊಡುವ ಕಾರಣ. 17ರಲ್ಲಿ ಕಂಡದ್ದನ್ನು ಬರೆಯಲು ಅವರಿಗೆ 45 ಆಗಬೇಕಾಯಿತು.

ಆತ್ಮಕಥೆಯಲ್ಲಿ ಗುರುಗಳ ಬಗ್ಗೆ ಪುಟಗಟ್ಟಲೆ ಇದೆ. ತಂದೆ ತಾಯಿಯ ಸಾವಿಗೆ ಕೆಲವೇ ಪದಗಳು. ಮೊದಲು ನನಗೆ ಇದು ವಿಚಿತ್ರ ಅನಿಸಿತ್ತು. ಆದರೆ ಹತ್ತನೇ ತರಗತಿಯಲ್ಲಿ ಸಂಜೆ ಕೂರಿಸಿಕೊಂಡು ಲೆಕ್ಕ ಹೇಳಿಕೊಟ್ಟ ಸರ್ ಬಗ್ಗೆ ನಾನು ಗಂಟೆಗಟ್ಟಲೆ ಮಾತಾಡಬಲ್ಲೆ. ಅಬ್ಬಾ ಬಗ್ಗೆ ಇಲ್ಲಿ ಬರೆದಿರುವುದು ಒಂದೇ ಸಾಲು.